ಸುಖದ ನೆಲೆ



ಸುಖವು ಮನುಷ್ಯನ ಪರಿಸ್ಥಿತಿಯನ್ನು ಅವಲಂಬಿಸಿರುವುದೋ ಅಥವಾ ಅವನ ಮನೋವೃತ್ತಿಯನ್ನೋ ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಉಂಡು ತಣಿದು ಕುಳಿತವನು "ಎಲ್ಲವೂ ಮನಸ್ಸಿನಲ್ಲಿದೆ" ಎಂದು ನುಡಿಯುವುದು ಸುಲಭ. ಆದರೆ ಆ ಮಾತನ್ನು ಯಾರು ಯಾರಿಗೆ ಹೇಳುತ್ತಾರೆಂಬುದನ್ನು ಮೊದಲು ನೋಡತಕ್ಕದ್ದು.

ನಮ್ಮ ಮಲಪ್ರಭೆಯನ್ನೇ ನೋಡಿರಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆಗೆ ಅಲ್ಲಿಯ ಘಟ್ಟದ ಮಳೆಯೇ ಜೀವಾಳ. ಅಲ್ಲಿ ಮಳೆ ಹಿಡಿಯಿತೆಂದು ಕೇಳಿದರೆ ನವಿಲುತೀರ್ಥದ ಕಾಲುವೆಯ ನೀರನ್ನು ನಂಬಿದ ರೈತನು ಹಿಗ್ಗುತ್ತಾನೆ. ಅದೇ ಮಳೆಯಲ್ಲಿ ಖಾನಾಪುರದ ಅಡವಿಯೊಳಗಿನ ಹಳ್ಳಿಗಳಿಗೆ ದಾರಿ ಕಡಿದು, ರೋಗಿಯನ್ನು ಹೆಗಲ ಮೇಲೆ ಹೊತ್ತು ನಡೆಯುವ ಪ್ರಸಂಗಗಳೊದಗುತ್ತವೆ. 2019ರ ಆಗಸ್ಟಿನಲ್ಲಿಯಾದರೋ ಕೆಳಗಿನ ಮುನವಳ್ಳಿ, ರಾಮದುರ್ಗದವರ ಮನೆಗಳಿಗೂ ನೀರು ಹೊಕ್ಕಿತು. ರೋಗಿಯನ್ನು ಹೊತ್ತವನಿಗೆ ಬೇಕಾದದ್ದು ಸೇತುವೆ. ಅವನಿಗೆ ಸಮಾಧಾನವನ್ನು ಬೋಧಿಸುವುದು ನಿರ್ದಯತೆಯೇ ಸರಿ.

ಹಾಗಾದರೆ ಮನೋವೃತ್ತಿಯು ಹುಸಿಯೇ? ಹಾಗೆಂದು ಹೇಳಲಾಗದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮತಾಯಿಯು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಆ ಬಡತನದಲ್ಲಿ ಅವಳು ದೀನಳಾಗಿರಲಿಲ್ಲ. ಆದರೆ ಒಂದು ಸೂಕ್ಷ್ಮವನ್ನು ನಾವು ಮರೆಯುತ್ತೇವೆ: ಅವಳು ಬೇಡವೆಂದದ್ದು ತನ್ನ ಮನೆಗೆ ಬಂದ ಅಕ್ಕಿಯನ್ನು, ನೆರೆಯವರ ಪಾಲಿನದನ್ನಲ್ಲ. ತನ್ನ ಮಟ್ಟಿಗೆ ತೃಪ್ತಿ, ಪರರ ಮಟ್ಟಿಗೆ ದಾಸೋಹ. ಇವೆರಡೂ ಅವಳ ಮನೆಯಲ್ಲಿ ಒಂದೇ ಒಲೆಯ ಮೇಲಿದ್ದವು.

ನಮ್ಮ ನಾಡಿನ ಹಿರಿಯರೂ ಇದನ್ನರಿತಿದ್ದರು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜ ದೇಸಾಯರು ದೇಸಗತಿಯ ಸಂಪತ್ತನ್ನು ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಸಪ್ತರ್ಷಿಗಳು ಹಳ್ಳಿಯ ಹುಡುಗರಿಗೆ "ಇದ್ದುದರಲ್ಲಿ ಸುಖವಾಗಿರಿ" ಎನ್ನಲಿಲ್ಲ, ಶಾಲೆಯನ್ನು ತೆರೆದರು. ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಅಂಥ ಹುಡುಗರಿಗಾಗಿ ಬೆಳಗಾವಿಯಲ್ಲಿ ಉಚಿತ ಪ್ರಸಾದನಿಲಯವನ್ನು ನಡೆಯಿಸಿದರು. ಓದಬೇಕೆಂಬ ಮನಸ್ಸು ಆ ಹುಡುಗರಲ್ಲಿ ಮೊದಲೇ ಇದ್ದಿತು. ರಾತ್ರಿಯ ಊಟದ ಚಿಂತೆ ಹರಿದ ಮೇಲೆ ಅದು ಪುಸ್ತಕದ ಮೇಲೆ ನಿಂತಿತು.

ಇನ್ನು ಮಾಳಿಗೆಯ ಮನೆ, ಬಾಗಿಲಲ್ಲಿ ಮೋಟಾರು, ಮಕ್ಕಳಿಗೆ ನೌಕರಿ ಎಲ್ಲವೂ ಇದ್ದು, ನೆರೆಯವನ ಮನೆಗೆ ಒಂದು ಅಂತಸ್ತು ಹೆಚ್ಚಾಯಿತೆಂದು ನಿದ್ದೆಗೆಡುವವರು ನಮ್ಮ ಪಟ್ಟಣದಲ್ಲಿ ಕಡಿಮೆಯಿಲ್ಲ. ಈ ಸಭೆಯಲ್ಲಿಯೂ ಇದ್ದಾರು. ಸುಖವು ಮನಸ್ಸಿನಲ್ಲಿದೆಯೆಂದು ಅವರಿಗೆ ಮಾತ್ರ ಹೇಳಲು ನಾನು ಸಂಕೋಚಪಡೆನು.