ಕಣ್ಣು ಮಂಜಾದರೆ ಸುಮ್ಮನೆ ಕೂಡಬೇಡ್ರಿ



ಇವತ್ತು ನಾವು ಕಣ್ಣಿನ ಬಗ್ಗೆ ಮಾತಾಡೋಣ. ಎಚ್‌ಐವಿ ಇದ್ದವರ ಕಣ್ಣಿನ ಬಗ್ಗೆ. ಈ ಹೆಸರು ಎತ್ತಿದರೆ ಸಾಕು, ನಮ್ಮ ಕಡೆ ಮಾತೇ ನಿಂತುಹೋಗುತ್ತದೆ. ನಾವು ನಿಲ್ಲಿಸುವುದು ಬೇಡ.

ಕಣ್ಣು ಉರಿದರೆ ನಿಪ್ಪಾಣಿಯ ಬೀಡಿ ಕಟ್ಟುವ ಅಕ್ಕ "ತಂಬಾಕಿನ ಧೂಳು ಬಿದ್ದೈತಿ" ಅಂತಾಳೆ. ಅಥಣಿ, ರಾಯಬಾಗ ಕಡೆ ಕಬ್ಬು ಕಡಿಯುವ ಅಕ್ಕ "ರವದಿ ಬಡದೈತಿ" ಅಂತಾಳೆ. ಅದೂ ಖರೆ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದೂ ಖರೆ. ಅದಕ್ಕೆ ಚಾಳೀಸು ಸಾಕು. ಆದರೆ ಎಚ್‌ಐವಿ ಇದ್ದವರಿಗೆ ಬೇರೊಂದು ಅಪಾಯ ಇದೆ.

ನಮ್ಮ ರಕ್ತದಲ್ಲಿ ಸಿಡಿ-4 ಎಂಬ ಕಣಗಳಿವೆ. ಇವು ಮೈಯ ಕಾವಲುಗಾರರು. ಆರೋಗ್ಯವಂತರಲ್ಲಿ ಇವುಗಳ ಲೆಕ್ಕ ಸಾಮಾನ್ಯವಾಗಿ 500ಕ್ಕಿಂತ ಹೆಚ್ಚು. ಎಚ್‌ಐವಿ ಇವನ್ನೇ ಕೊಲ್ಲುತ್ತದೆ. ಲೆಕ್ಕ 50ಕ್ಕಿಂತ ಕೆಳಗೆ ಇಳಿದರೆ, ಮೈಯೊಳಗೆ ಸುಮ್ಮನೆ ಮಲಗಿದ್ದ ಸಿಎಂವಿ ಎಂಬ ವೈರಸ್ ಎದ್ದು ಕೂಡಬಹುದು. ಅದು ಕಣ್ಣಿನ ಹಿಂದಿನ ಪರದೆಯನ್ನು ಹಾಳು ಮಾಡುತ್ತದೆ. ನೋವಿಲ್ಲ. ಕಣ್ಣು ಕೆಂಪಾಗುವುದೂ ಇಲ್ಲ. ಅದಕ್ಕೇ ಜನ ಮೋಸ ಹೋಗ್ತಾರೆ. ಸೊಳ್ಳೆ ಹಾರಿದಂತೆ ಕಪ್ಪು ಚುಕ್ಕೆ ಕಾಣುತ್ತವೆ. ಮಿಂಚು ಹೊಡೆದಂತಾಗುತ್ತದೆ. ನೋಟದ ಒಂದು ಮೂಲೆ ಕಾಣುವುದೇ ಇಲ್ಲ. ಹೋದ ನೋಟ ತಿರುಗಿ ಬರುವುದಿಲ್ಲ. ಉಳಿದದ್ದನ್ನು ಗುಳಿಗೆ, ಇಂಜೆಕ್ಷನ್ ಕೊಟ್ಟು ಉಳಿಸಬಹುದು.

ಈಗ ಒಂದು ಕಣ್ಣು ಮುಚ್ಚಿ ಈ ಸಾಲು ಓದ್ರಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದ್ರಿ. ಎರಡೂ ಕಣ್ಣು ತೆರೆದಿದ್ದರೆ ಒಂದರ ಕುಂದು ತಿಳಿಯೂದಿಲ್ಲ.

ಇನ್ನೊಂದು ಸರ್ಪಸುತ್ತು. ಹಣೆಯ ಒಂದೇ ಬದಿಗೆ, ಮೂಗಿನ ತುದಿಗೆ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯ. ನಮ್ಮಲ್ಲಿ ಕೆಮ್ಮಣ್ಣು ಹಚ್ಚುತ್ತಾರೆ. ಕೆಮ್ಮಣ್ಣು ಕಣ್ಣು ಉಳಿಸೂದಿಲ್ಲ. ಮೂರು ದಿನದೊಳಗೆ ಔಷಧಿ ಶುರುವಾಗಬೇಕು. ಕಣ್ಣಿಗೆ ಹರಳೆಣ್ಣೆ, ಎದೆಹಾಲು ಬಿಡಬೇಡ್ರಿ.

"ಮದ್ದು ಎಲ್ಲೈತಿ, ರೊಕ್ಕ ಎಲ್ಲೈತಿ?" ಅಂತೀರಿ. ಎಚ್‌ಐವಿಯ ಎಆರ್‌ಟಿ ಗುಳಿಗೆಯನ್ನು ಸರಕಾರ 2004ರಿಂದ ಪುಕ್ಕಟೆ ಕೊಡುತ್ತಿದೆ. 2017ರಿಂದ ಸಿಡಿ-4 ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೇ ಶುರು ಮಾಡುತ್ತಾರೆ. ಬೇಗ ಶುರು ಮಾಡಿ, ದಿನಾ ತಪ್ಪದೆ ನುಂಗಿದವರಲ್ಲಿ ಈ ಕಣ್ಣಿನ ಬೇನೆ ಬಲು ಅಪರೂಪ. ಗುಳಿಗೆ ಶುರುವಾದ ಮೇಲೆ ಕೆಲವರಿಗೆ ಕಣ್ಣು ಮಂಜಾಗುವುದುಂಟು. ಕಾವಲುಗಾರರು ಮರಳಿ ಬಂದಾಗ ಕಣ್ಣೊಳಗೆ ಉರಿಯೂತ ಆಗುತ್ತದೆ. ಆಗ ಗುಳಿಗೆ ಬಿಡಬೇಡ್ರಿ, ಡಾಕ್ಟರಿಗೆ ತೋರಿಸ್ರಿ. ಟಿಬಿ ಗುಳಿಗೆಯೂ ನಡೆದಿದ್ದು ಕೆಂಪು, ಹಸಿರು ಬಣ್ಣ ಸರಿಯಾಗಿ ತಿಳಿಯದಿದ್ದರೆ ಅದನ್ನೂ ಹೇಳ್ರಿ. ಅದರಲ್ಲಿನ ಒಂದು ಔಷಧಿ ಕಣ್ಣಿನ ನರಕ್ಕೆ ತಾಗಬಹುದು.

ಸೊಸೆಯ ಕಣ್ಣೀರು ಒರೆಸಿದರೆ ಎಚ್‌ಐವಿ ಅಂಟೂದಿಲ್ಲ. ಕಣ್ಣಿಗೆ ಔಷಧಿ ಹಾಕಿದರೂ ಅಂಟೂದಿಲ್ಲ. ಅವಳ ಒಪ್ಪಿಗೆ ಇಲ್ಲದೆ ರೋಗದ ಸುದ್ದಿ ಊರಿಗೆ ಹೇಳುವಂತಿಲ್ಲ. 2017ರ ಕಾನೂನು ಹಾಗೆ ಹೇಳುತ್ತದೆ. ಏನಾದರೂ ಕೇಳುವುದಿದ್ದರೆ 1097ಕ್ಕೆ ಫೋನ್ ಮಾಡ್ರಿ, ಪುಕ್ಕಟೆ.

ದವಾಖಾನೆಯಲ್ಲಿ ಹನಿ ಹಾಕಿ ಕಣ್ಣಿನ ಪಾಪೆ ಅಗಲಿಸಿ ನೋಡುತ್ತಾರೆ. ಆಮೇಲೆ ಕೆಲವು ತಾಸು ಎಲ್ಲ ಮಸುಕು. ಜೊತೆಗೊಬ್ಬರನ್ನು ಕರೆದುಕೊಂಡು ಹೋಗ್ರಿ. ಚಿಕ್ಕೋಡಿ ಬಸ್ಸು ಯಾವುದು, ರಾಯಬಾಗದ್ದು ಯಾವುದು, ಆಗ ಬೋರ್ಡು ಓದಾಕ ಆಗೂದಿಲ್ಲ.