ದುಡಿಯುವ ತಾಯಿ ಮತ್ತು ತೆಗೆದಿಟ್ಟ ಎದೆಹಾಲು

(ನವಿ ಮುಂಬಯಿಯ ರಬಾಳೆಯ ಕನ್ನಡ ಕುಟುಂಬಗಳಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಠಾಣೆಯಿಂದ ವಾಶಿಯ ಕಡೆಗೆ ಸಾಗುವ ರೈಲು ಮಾರ್ಗದಲ್ಲಿ, ಐರೋಲಿ ಮತ್ತು ಘನಸೋಲಿ ನಿಲ್ದಾಣಗಳ ನಡುವೆ ರಬಾಳೆ ಬರುತ್ತದೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಠಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ ಬೆಳೆಸಿದ ಕೈಗಾರಿಕಾ ಪ್ರದೇಶದ ಒಂದು ಭಾಗ ಇದು. ಕೆಲಸವನ್ನು ಅರಸಿ ಕರ್ನಾಟಕದಿಂದ ಬಂದ ಕುಟುಂಬಗಳೂ ಈ ಸುತ್ತಿನಲ್ಲಿ ನೆಲೆಸಿವೆ. ಹೆರಿಗೆಗೆಂದು ತವರಿಗೆ ಹೋಗಿ, ಬಾಣಂತನ ಮುಗಿಸಿಕೊಂಡು ಕಂಕುಳಲ್ಲಿ ಮಗುವಿನೊಡನೆ ಮರಳುವ ಪದ್ಧತಿ ಇಂಥ ಮನೆಗಳಲ್ಲಿ ಇಂದಿಗೂ ಉಂಟು. ಮರಳಿದ ಕೆಲವು ವಾರಗಳಲ್ಲಿಯೇ ಕೆಲಸದ ಕರೆಯೂ ಬರುತ್ತದೆ. ಆಗ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ತಾಯಿ ದುಡಿಯಲು ಹೋದರೆ ಹಗಲು ಹೊತ್ತು ಮಗುವಿಗೆ ಯಾವ ಹಾಲು?

ಅಂಗಡಿಯಿಂದ ಪುಡಿಯ ಡಬ್ಬಿ ತರುವುದೊಂದೇ ಇದಕ್ಕೆ ಪರಿಹಾರವೆಂದು ಅನೇಕರು ಭಾವಿಸುತ್ತಾರೆ. ತಾಯಿ ತನ್ನ ಹಾಲನ್ನೇ ಕೈಯಿಂದಲೋ ಪಂಪಿನಿಂದಲೋ ತೆಗೆದು, ಶುದ್ಧವಾದ ಪಾತ್ರೆಯಲ್ಲಿ ಇಟ್ಟು ಹೋಗಬಹುದು. ಆಕೆ ಹತ್ತಿರವಿಲ್ಲದಾಗ ಮನೆಯ ಹಿರಿಯರು ಅದನ್ನು ಮಗುವಿಗೆ ಕುಡಿಸಬಹುದು. ಇದು ಕಷ್ಟದ ವಿದ್ಯೆಯಲ್ಲ. ಆದರೆ ಕ್ರಮವನ್ನು ತಿಳಿದಿರಬೇಕು, ಮನೆಯವರ ನೆರವು ದೊರೆಯಬೇಕು.

ಆರು ತಿಂಗಳ ಲೆಕ್ಕ

ಮೊದಲ 6 ತಿಂಗಳು ಶಿಶುವಿಗೆ ತಾಯಿಯ ಹಾಲನ್ನು ಮಾತ್ರ ನೀಡಬೇಕು; ಆಮೇಲೆ ಮನೆಯ ಮೆತ್ತನೆಯ ಆಹಾರದೊಡನೆ 2 ವರ್ಷಗಳವರೆಗೆ ಅಥವಾ ಅದಕ್ಕೂ ಮುಂದೆ ಎದೆಹಾಲನ್ನು ಮುಂದುವರಿಸಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೇಂದ್ರ ಆರೋಗ್ಯ ಸಚಿವಾಲಯವು 2016ರ ಆಗಸ್ಟ್‌ನಲ್ಲಿ ಆರಂಭಿಸಿದ 'ಮಾ' ಕಾರ್ಯಕ್ರಮದ ಸಂದೇಶವೂ ಇದೇ ಆಗಿದೆ.

ಕಾಯಿದೆಯ ಪ್ರಕಾರ ಮೊದಲ ಎರಡು ಮಕ್ಕಳಿಗೆ ದೊರೆಯುವ ಹೆರಿಗೆ ರಜೆ 26 ವಾರ, ಅಂದರೆ ಹೆಚ್ಚು ಕಡಿಮೆ ಆರು ತಿಂಗಳು. ಆದರೆ ಇದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುನ್ನವೇ ಪಡೆಯಲು ಅವಕಾಶವಿದೆ. ಹಾಗೆ ಪಡೆದ ತಾಯಿ ಕೆಲಸಕ್ಕೆ ಮರಳುವಾಗ ಮಗುವಿಗೆ ನಾಲ್ಕು ಅಥವಾ ಐದು ತಿಂಗಳು ಮಾತ್ರ ತುಂಬಿರುತ್ತದೆ. ದಿನಗೂಲಿಯ ಮೇಲೆ ದುಡಿಯುವವರಲ್ಲಿ ಅನೇಕರು ಇನ್ನೂ ಬೇಗ ಮರಳಬೇಕಾಗುತ್ತದೆ. ಮಗುವಿಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡವಾದ ಕಾಲದಲ್ಲಿಯೇ ತಾಯಿ ಹಗಲೆಲ್ಲ ದೂರವಿರುವಂತಾಗುತ್ತದೆ. ಈ ಅಂತರವನ್ನು ತುಂಬುವುದೇ ತೆಗೆದಿಟ್ಟ ಎದೆಹಾಲು.

ಪುಡಿಯ ಹಾಲಿಗೆ ಶುದ್ಧವಾದ ನೀರು ಬೇಕು, ಸರಿಯಾದ ಅಳತೆ ಬೇಕು, ಪ್ರತಿ ಬಾರಿಯೂ ಕುದಿಸಿದ ಪಾತ್ರೆ ಬೇಕು. ಡಬ್ಬಿ ಬೇಗ ಮುಗಿಯದಿರಲೆಂದು ನೀರು ಹೆಚ್ಚಿಸಿದರೆ ಮಗು ಸೊರಗುತ್ತದೆ. ನೀರು ಕೆಟ್ಟಿದ್ದರೆ ಭೇದಿ ತಗಲುತ್ತದೆ. ಮಳೆಗಾಲದಲ್ಲಿ ಈ ಅಪಾಯ ಇನ್ನೂ ಹೆಚ್ಚು. ತಾಯಿಯ ಹಾಲಿನಲ್ಲಿರುವ ರೋಗನಿರೋಧಕ ಅಂಶಗಳು ಯಾವ ಡಬ್ಬಿಯಲ್ಲಿಯೂ ದೊರೆಯವು.

ಹಾಲು ಉತ್ಪತ್ತಿಯಾಗುವ ಬಗೆ

ಎದೆಯು ತುಂಬಿಟ್ಟು ಖಾಲಿ ಮಾಡುವ ಕೊಡವಲ್ಲ. ತೋಡಿದಷ್ಟೂ ಒರತೆ ಕೊಡುವ ಬಾವಿಯಂತೆ. ಮಗು ಚೀಪಿದಾಗ ತಾಯಿಯ ಮಿದುಳಿನಿಂದ ಪ್ರೊಲ್ಯಾಕ್ಟಿನ್ ಮತ್ತು ಆಕ್ಸಿಟೋಸಿನ್ ಎಂಬ ಎರಡು ರಸಗಳು ಹೊರಡುತ್ತವೆ. ಮೊದಲನೆಯದು ಹಾಲನ್ನು ಉತ್ಪಾದಿಸುತ್ತದೆ, ಎರಡನೆಯದು ಅದನ್ನು ಹೊರಕ್ಕೆ ಹರಿಸುತ್ತದೆ. ಎದೆಯಲ್ಲಿ ಹಾಲು ನಿಂತರೆ ಉತ್ಪತ್ತಿ ಕುಗ್ಗುತ್ತದೆ, ತೆಗೆದರೆ ಹೆಚ್ಚುತ್ತದೆ. ಆದುದರಿಂದ ಕೆಲಸದ ಸ್ಥಳದಲ್ಲಿ ತೆಗೆದ ಹಾಲನ್ನು ಮನೆಗೆ ತರಲಾಗದೆ ಚೆಲ್ಲಬೇಕಾಗಿ ಬಂದರೂ ಆ ಶ್ರಮ ವ್ಯರ್ಥವಲ್ಲ. ಮರುದಿನದ ಹಾಲನ್ನು ಅದು ಉಳಿಸಿಕೊಡುತ್ತದೆ.

ಆಕ್ಸಿಟೋಸಿನ್ ರಸವು ತಾಯಿಯ ಮನಃಸ್ಥಿತಿಗೂ ಸಂಬಂಧಿಸಿದೆ. ನೋವು, ಅವಸರ, ಮುಜುಗರಗಳು ಅದನ್ನು ತಡೆಯುತ್ತವೆ. ಮಗುವಿನ ಬಟ್ಟೆಯ ವಾಸನೆ, ಅದರ ಭಾವಚಿತ್ರ, ನಾಲ್ಕು ನಿಮಿಷಗಳ ನೆಮ್ಮದಿ ಅದಕ್ಕೆ ಸಹಾಯಕ.

ಕೈಯಿಂದ ಹಾಲು ತೆಗೆಯುವ ಕ್ರಮ

ಕೆಲಸಕ್ಕೆ ಮರಳುವ ಎರಡು ವಾರ ಮೊದಲೇ ಅಭ್ಯಾಸವನ್ನು ಆರಂಭಿಸುವುದು ಲೇಸು. ಬೆಳಗಿನ ಹೊತ್ತು ಎದೆ ತುಂಬಿರುವುದರಿಂದ ಆಗ ಸುಲಭ. ಅಗಲ ಬಾಯಿಯ ಸ್ಟೀಲ್ ಬಟ್ಟಲನ್ನು ತೊಳೆದು, ನೀರಿನಲ್ಲಿ 10 ನಿಮಿಷ ಕುದಿಸಿ ಆರಿಸಿರಬೇಕು. ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಬೆಚ್ಚಗಿನ ಬಟ್ಟೆಯಿಂದ ಎದೆಗೆ ಸ್ವಲ್ಪ ಶಾಖ ಕೊಟ್ಟು ಹಗುರವಾಗಿ ನೀವಬೇಕು.

ಆನಂತರ ತೊಟ್ಟಿನಿಂದ ಸುಮಾರು 2-3 ಸೆಂಟಿಮೀಟರ್ ಹಿಂದೆ, ಹೆಬ್ಬೆರಳನ್ನು ಮೇಲೆಯೂ ತೋರುಬೆರಳನ್ನು ಕೆಳಗೂ ಇಡಬೇಕು. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಬಳಿಕ ಬೆರಳುಗಳನ್ನು ಒಂದಕ್ಕೊಂದು ಸೇರಿಸುವಂತೆ ಅದುಮಿ, ಬಿಡಬೇಕು. ಒತ್ತು, ಅದುಮು, ಬಿಡು: ಇದೇ ಲಯ. ತೊಟ್ಟನ್ನು ಎಳೆಯಬಾರದು, ಬೆರಳುಗಳನ್ನು ಚರ್ಮದ ಮೇಲೆ ಉಜ್ಜಬಾರದು. ಮೊದಲ ಒಂದೆರಡು ನಿಮಿಷ ಏನೂ ಬಾರದಿದ್ದರೆ ಗಾಬರಿ ಬೇಡ. ಮೊದಲು ಹನಿ, ಆಮೇಲೆ ಧಾರೆ. ಧಾರೆ ತಗ್ಗಿದಾಗ ಬೆರಳುಗಳ ಜಾಗ ಬದಲಿಸಿ, ಆಮೇಲೆ ಮತ್ತೊಂದು ಎದೆಗೆ ಹೋಗಬೇಕು. ಎರಡರಿಂದಲೂ ತೆಗೆಯಲು 20 ರಿಂದ 30 ನಿಮಿಷ ಹಿಡಿಯಬಹುದು. ಇದಕ್ಕೆ ಕಾಸಿನ ಖರ್ಚಿಲ್ಲ, ವಿದ್ಯುತ್ತು ಬೇಡ.

ಪಂಪಿನ ಬಳಕೆ

ದಿನವೂ ದೀರ್ಘಕಾಲ ಹೊರಗಿರುವ ತಾಯಂದಿರಿಗೆ ಪಂಪು ಸಮಯವನ್ನು ಉಳಿಸುತ್ತದೆ. ಕೈಯಿಂದ ನಡೆಸುವವು, ವಿದ್ಯುತ್ತಿನಿಂದ ನಡೆಯುವವು ಎಂದು ಇದರಲ್ಲಿ ಎರಡು ಬಗೆ. ಆಲಿಕೆಯಂಥ ಮುಚ್ಚಳವು ತಾಯಿಯ ತೊಟ್ಟಿನ ಗಾತ್ರಕ್ಕೆ ಹೊಂದಬೇಕು. ತೊಟ್ಟು ಅದರ ಅಂಚಿಗೆ ಉಜ್ಜುವಂತಿರಬಾರದು. ಸೆಳೆತವನ್ನು ಕಡಿಮೆಯಿಂದ ಆರಂಭಿಸಿ, ನೋವಾಗದ ಮಟ್ಟದಲ್ಲಿ ನಿಲ್ಲಿಸಬೇಕು. ಹೆಚ್ಚು ಸೆಳೆದರೆ ಹೆಚ್ಚು ಹಾಲು ಬರುತ್ತದೆಂಬುದು ತಪ್ಪು ತಿಳಿವಳಿಕೆ. ಹಾಲು ತಗಲುವ ಭಾಗಗಳನ್ನೆಲ್ಲ ಪ್ರತಿ ಬಾರಿಯೂ ಬಿಡಿಸಿ, ಸಾಬೂನು ನೀರಿನಲ್ಲಿ ತೊಳೆದು, ಗಾಳಿಗೆ ಆರಿಸಬೇಕು, ದಿನಕ್ಕೊಮ್ಮೆ ಕುದಿಸಬೇಕು. ರಬ್ಬರಿನ ಉಂಡೆಯನ್ನು ಹಿಸುಕಿ ಬಳಸುವ ಅಗ್ಗದ ಪಂಪಿನ ಒಳಭಾಗವನ್ನು ಶುದ್ಧಗೊಳಿಸುವುದು ಕಷ್ಟವಾದುದರಿಂದ ಅದು ಬೇಡ.

ಸಂಗ್ರಹಿಸುವ ಬಗೆ

ಆರೋಗ್ಯವಂತ, ತುಂಬು ತಿಂಗಳಿಗೆ ಹುಟ್ಟಿದ ಮಗುವಿಗೆ ಈ ಕೆಳಗಿನ ಲೆಕ್ಕ ಸಾಕು. ಅವಧಿಗೆ ಮುನ್ನ ಹುಟ್ಟಿದ ಅಥವಾ ಕಾಯಿಲೆಯ ಮಗುವಿದ್ದರೆ ವೈದ್ಯರನ್ನೇ ಕೇಳಬೇಕು.

25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ, ಮುಚ್ಚಿದ ಪಾತ್ರೆಯಲ್ಲಿ 4 ಗಂಟೆ ಇಡಬಹುದು. ರಬಾಳೆಯ ಏಪ್ರಿಲ್, ಮೇ ತಿಂಗಳ ಸೆಕೆ ಇದನ್ನು ಮೀರುತ್ತದೆ. ತಗಡಿನ ಸೂರಿನ ಕೋಣೆಯಲ್ಲಂತೂ ಕೇಳಬೇಕಾಗಿಲ್ಲ. ಅಂಥಲ್ಲಿ ಇನ್ನೂ ಬೇಗ ಬಳಸಬೇಕು. ಫ್ರಿಜ್ಜಿನ ಒಳಭಾಗದಲ್ಲಿ 4 ಡಿಗ್ರಿಯಲ್ಲಿ 4 ದಿನಗಳವರೆಗೆ ಇರುತ್ತದೆ. ಆದರೆ ವಿದ್ಯುತ್ತು ಹೋಗಿ ಬರುವ ಕಡೆ, ಬಾಗಿಲು ಪದೇ ಪದೇ ತೆರೆಯುವ ಮನೆಯಲ್ಲಿ 24 ಗಂಟೆಗಳೊಳಗೆ ಮುಗಿಸುವುದು ಕ್ಷೇಮ. ಹಾಲನ್ನು ಫ್ರಿಜ್ಜಿನ ಬಾಗಿಲಿನಲ್ಲಿ ಇಡಬಾರದು. ಐಸ್ ಪ್ಯಾಕ್ ಹಾಕಿದ ಶೀತ ಕಾಯುವ ಚೀಲದಲ್ಲಿ 24 ಗಂಟೆಗಳವರೆಗೆ ಸಾಗಿಸಬಹುದು.

ಪಾತ್ರೆಯ ಮೇಲೆ ತೆಗೆದ ದಿನ ಮತ್ತು ಹೊತ್ತನ್ನು ಬರೆದ ಚೀಟಿ ಅಂಟಿಸಿ, ಹಳೆಯದನ್ನು ಮೊದಲು ಬಳಸಬೇಕು. ಒಂದು ಹೊತ್ತಿಗೆ ಬೇಕಾಗುವ 60 ರಿಂದ 120 ಮಿಲಿಲೀಟರಿನಂತೆ ಬೇರೆ ಬೇರೆಯಾಗಿ ಇಟ್ಟರೆ ಚೆಲ್ಲುವುದು ತಪ್ಪುತ್ತದೆ. ಆಗತಾನೆ ತೆಗೆದ ಬೆಚ್ಚನೆಯ ಹಾಲನ್ನು ತಣ್ಣಗಾದ ಹಾಲಿಗೆ ನೇರವಾಗಿ ಬೆರೆಸಬಾರದು.

ಇಟ್ಟ ಹಾಲಿನಲ್ಲಿ ಕೆನೆ ಮೇಲೆ ನಿಂತು ಕೆಳಭಾಗ ತೆಳ್ಳಗೆ, ನೀಲಿ ಛಾಯೆಯಾಗಿ ಕಾಣುವುದುಂಟು. ಅದು ಒಡೆದ ಹಾಲಲ್ಲ. ಮೆಲ್ಲನೆ ಅಲುಗಿಸಿದರೆ ಮತ್ತೆ ಬೆರೆಯುತ್ತದೆ.

ಕುಡಿಸುವ ಬಗೆ

ತೆಗೆದಿಟ್ಟ ಹಾಲನ್ನು ಒಲೆಯ ಮೇಲೆ ಕಾಯಿಸಬಾರದು, ಮೈಕ್ರೋವೇವಿನಲ್ಲಿಯೂ ಇಡಬಾರದು. ಪಾತ್ರೆಯನ್ನು ಬೆಚ್ಚನೆಯ ನೀರಿರುವ ಬೋಗುಣಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು. ಕುಡಿಸಲು ಆರಂಭಿಸಿದ ಮೇಲೆ 2 ಗಂಟೆಗಳೊಳಗೆ ಮುಗಿಸಬೇಕು. ಉಳಿದುದನ್ನು ಮತ್ತೆ ಇಡಬಾರದು.

ರಬ್ಬರ್ ತೊಟ್ಟಿನ ಬಾಟಲಿಯ ಅಗತ್ಯವಿಲ್ಲ. ಅದರ ಮೂಲೆಗಳಲ್ಲಿ ಕೊಳೆ ನಿಲ್ಲುತ್ತದೆ. ಅದಕ್ಕೆ ಒಗ್ಗಿದ ಕೆಲವು ಮಕ್ಕಳು ಎದೆಯನ್ನು ಹಿಡಿಯಲು ಹಿಂಜರಿಯುತ್ತವೆ. ಕನ್ನಡದ ಮನೆಗಳಿಗೆ ಹಳೆಯ ಪರಿಚಯವಿರುವ ಒಳಲೆ, ಇಲ್ಲವೇ ಸಣ್ಣ ಬಟ್ಟಲು ಮತ್ತು ಚಮಚ ಇದಕ್ಕೆ ಅತ್ಯುತ್ತಮ. ಮಗುವನ್ನು ತಲೆ ಎತ್ತರಕ್ಕಿರುವಂತೆ ತೊಡೆಯ ಮೇಲೆ ಕೂರಿಸಿಕೊಂಡು, ಒಳಲೆಯ ತುದಿಯನ್ನು ತುಟಿಗೆ ತಾಗಿಸಿ, ಅದೇ ಹೀರಿಕೊಳ್ಳುವಂತೆ ನಿಧಾನವಾಗಿ ಬಾಗಿಸಬೇಕು. ಗಂಟಲಿಗೆ ಸುರಿಯಬಾರದು.

ಅಜ್ಜಿಯ ಸಂದೇಹ, ತಾಯಿಯ ಚಿಂತೆ

ಬಾಣಂತನ ಮಾಡಿದ ಅಜ್ಜಿ ಮಗುವನ್ನು ನೋಡಿಕೊಳ್ಳಲು ಊರಿನಿಂದ ಜೊತೆಗೆ ಬಂದಿರುವುದುಂಟು. "ಬಟ್ಟಲಿಗೆ ಹಿಂಡಿದ ಹಾಲು ಹಳಸಿರುತ್ತದೆ", "ಬಿಸಿಲಲ್ಲಿ ದುಡಿದು ಬಂದವಳ ಹಾಲು ಕಾದಿರುತ್ತದೆ, ಅದನ್ನು ಕೊಡಬಾರದು" ಎಂಬ ಮಾತುಗಳು ಮಗುವಿನ ಮೇಲಣ ಅಕ್ಕರೆಯಿಂದಲೇ ಬರುತ್ತವೆ. ಅವನ್ನು ತಳ್ಳಿಹಾಕುವುದಕ್ಕಿಂತ ವಿವರಿಸುವುದು ಮೇಲು. ದುಡಿಮೆಯಿಂದಾಗಲಿ ಬಿಸಿಲಿನಿಂದಾಗಲಿ ಎದೆಯೊಳಗಿನ ಹಾಲು ಕೆಡುವುದಿಲ್ಲ. ತಾಯಿ ಮನೆಗೆ ಬಂದು ಕೈಕಾಲು ತೊಳೆದು ನೀರು ಕುಡಿದು ಕೂಡಲೇ ಹಾಲೂಡಬಹುದು. ಒಳಲೆಯನ್ನು ಅಜ್ಜಿಯ ಕೈಗೆ ಕೊಟ್ಟು, "ಅವ್ವಾ, ಮೊದಲ ಸಲ ನೀನೇ ಕುಡಿಸಿ ನೋಡು" ಎಂದರೆ ಸಂದೇಹ ಅರ್ಧ ಕರಗುತ್ತದೆ.

ತಾಯಿಯ ಚಿಂತೆಯೇ ಬೇರೆ. ಬಟ್ಟಲಿನಲ್ಲಿ 50 ಮಿಲಿಲೀಟರ್ ಕಂಡು "ನನಗೆ ಹಾಲೇ ಇಲ್ಲ" ಎಂದು ಅವಳು ಎದೆಗುಂದುತ್ತಾಳೆ. ಬಟ್ಟಲು ಎದೆಹಾಲಿನ ಅಳತೆಗೋಲಲ್ಲ. ಮಗು ಚೀಪುವಷ್ಟು ಸಮರ್ಥವಾಗಿ ಯಾವ ಕೈಯೂ, ಯಾವ ಯಂತ್ರವೂ ಹಾಲನ್ನು ತೆಗೆಯಲಾರದು. ಒಂದು ಬಾರಿಗೆ 50 ರಿಂದ 100 ಮಿಲಿಲೀಟರ್ ಬರುವುದು ಸಹಜ. ಮಗು ದಿನಕ್ಕೆ ಆರಕ್ಕಿಂತ ಹೆಚ್ಚು ಬಾರಿ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಒಂದರಿಂದ ಆರು ತಿಂಗಳ ಮಗು ಇಡೀ ದಿನದಲ್ಲಿ ಕುಡಿಯುವುದು ಸರಾಸರಿ 750 ಮಿಲಿಲೀಟರ್. ಇದರಲ್ಲಿ ತಾಯಿ ಹತ್ತಿರವಿಲ್ಲದ ಹೊತ್ತಿನ ಪಾಲನ್ನಷ್ಟೇ ತೆಗೆದಿಟ್ಟರೆ ಸಾಕು.

ಕೆಲಸದ ದಿನಚರಿ

ಉದಾಹರಣೆಗೆ, ಬೆಳಿಗ್ಗೆ 9 ರಿಂದ ಸಂಜೆ 5-30ರವರೆಗೆ ಕೆಲಸವಿರುವ ತಾಯಿ ಮುಂಜಾನೆ ಎದ್ದಾಗ ಒಮ್ಮೆ, ಹೊರಡುವ ಮುನ್ನ ಮತ್ತೊಮ್ಮೆ ಹಾಲೂಡಬಹುದು. ಕೆಲಸದ ನಡುವೆ ಸುಮಾರು ಮೂರು ಗಂಟೆಗೊಮ್ಮೆ ಹಾಲು ತೆಗೆಯಬಹುದು. ಮನೆಗೆ ಬಂದೊಡನೆಯೂ, ರಾತ್ರಿಯೂ, ರಜೆಯ ದಿನಗಳಲ್ಲಿಯೂ ಮಗುವನ್ನು ನೇರವಾಗಿ ಎದೆಗೆ ಹಾಕಿಕೊಳ್ಳಬೇಕು. ರಾತ್ರಿ ಪ್ರೊಲ್ಯಾಕ್ಟಿನ್ ಹೆಚ್ಚಾಗಿರುವುದರಿಂದ ಆಗಿನ ಹಾಲೂಡಿಕೆ ಬಹಳ ಮುಖ್ಯ.

ಎದೆ ಕಟ್ಟಿ ಕಲ್ಲಿನಂತಾದರೆ ಕೆಲಸ ಮುಗಿಯಲೆಂದು ಕಾಯಬಾರದು. ಹಗುರಾಗುವಷ್ಟು ಹಾಲನ್ನು ಆಗಲೇ ತೆಗೆಯಬೇಕು. ಎದೆಯ ಒಂದು ಭಾಗ ಕೆಂಪಾಗಿ ನೋಯುತ್ತ ಜ್ವರ ಬಂದರೆ ಅದು ಬಾವಿನ ಸೂಚನೆ. ಹಾಲೂಡುವುದನ್ನು ನಿಲ್ಲಿಸದೆ ಅಂದೇ ವೈದ್ಯರನ್ನು ಕಾಣಬೇಕು. ವಾಶಿ, ಐರೋಲಿ ಮತ್ತು ನೆರುಳಿನಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆಯ ಆಸ್ಪತ್ರೆಗಳಿವೆ.

ಕಾಯಿದೆಯ ಬೆಂಬಲ

1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯು ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಲು ಬಿಡಬೇಕು ಎಂದು ವಿಧಿಸಿತು. ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಲು ದಿನಕ್ಕೆ ಎರಡು ಬಿಡುವುಗಳನ್ನು ಮೂಲ ಕಾಯಿದೆಯೇ ನೀಡಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಹಕ್ಕುಗಳನ್ನು ಉಳಿಸಿಕೊಳ್ಳಲಾಗಿದೆ.

ಮಗುವನ್ನು ಜೊತೆಗೆ ಕರೆತರಲಾಗದ ತಾಯಿ ಈ ಬಿಡುವಿನಲ್ಲಿ ಹಾಲು ತೆಗೆಯಲು ಅನುಕೂಲವಾಗುವಂತೆ, ಕೆಲಸಕ್ಕೆ ಮರಳುವ ಮೊದಲೇ ಮೇಲ್ವಿಚಾರಕರೊಡನೆ ಮಾತನಾಡಿಕೊಳ್ಳಬೇಕು. ಕೇಳಬೇಕಾದುದು ದೊಡ್ಡದೇನಲ್ಲ: ಚಿಲಕವಿರುವ ಒಂದು ಶುಚಿಯಾದ ಮೂಲೆ, ಒಂದು ಕುರ್ಚಿ, ಕೈತೊಳೆಯಲು ನೀರು. ಮಗುವಿನ ಆಹಾರವನ್ನು ಶೌಚಾಲಯದಲ್ಲಿ ಸಿದ್ಧಪಡಿಸುವಂತೆ ಯಾರೂ ಹೇಳಬಾರದು.

ಸಯನ್ ಆಸ್ಪತ್ರೆಯ ನಿದರ್ಶನ

ತೆಗೆದ ಹಾಲು ನಿಜವಾದ ಹಾಲಲ್ಲ ಎನ್ನುವವರಿಗೆ ಮುಂಬಯಿಯೇ ಉತ್ತರ ನೀಡಿದೆ. ಸಯನ್‌ನ ಲೋಕಮಾನ್ಯ ತಿಲಕ ಮಹಾನಗರಪಾಲಿಕಾ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರ ಮುಂದಾಳುತನದಲ್ಲಿ 1989ರ ನವೆಂಬರ್ 27ರಂದು ಏಷ್ಯಾ ಖಂಡದ ಮೊದಲ ಎದೆಹಾಲಿನ ಬ್ಯಾಂಕು ಆರಂಭವಾಯಿತು. ಅವಧಿಗೆ ಮುನ್ನ ಹುಟ್ಟಿ, ಚೀಪುವ ಶಕ್ತಿಯೂ ಇಲ್ಲದ ಎಳೆಗೂಸುಗಳಿಗೆ ಇಂಥ ಬ್ಯಾಂಕಿನ ಹಾಲು ಜೀವಾಧಾರ. ಅಲ್ಲಿ ದಾನ ಕೊಡುವ ತಾಯಂದಿರ ರಕ್ತವನ್ನು ಪರೀಕ್ಷಿಸುತ್ತಾರೆ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಶುದ್ಧೀಕರಿಸುತ್ತಾರೆ. ಈ ಪರೀಕ್ಷೆಗಳಿಲ್ಲದೆ ನೆರೆಮನೆಯ ತಾಯಿಯ ಹಾಲನ್ನು ಪಡೆಯುವುದು ಕ್ಷೇಮವಲ್ಲ. ಎದೆಹಾಲಿನ ಮಾರಾಟಕ್ಕೆ ನಮ್ಮ ದೇಶದಲ್ಲಿ ಅನುಮತಿಯಿಲ್ಲ.

ಅಂದಮೇಲೆ, ಕೆಲಸಕ್ಕೆ ಹೊರಟ ತಾಯಿ ಬೆಳಿಗ್ಗೆ ಮುಚ್ಚಿಟ್ಟು ಹೋದ ಸಣ್ಣ ಬಟ್ಟಲನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ. ಅದನ್ನು ತುಂಬುವವಳು ತಾಯಿ. ಆಕೆಗೆ ಬಿಡುವು ಕೊಡುವುದು ಕಾರ್ಖಾನೆಯ ಕರ್ತವ್ಯ. ಪಾತ್ರೆಗಳನ್ನು ಕುದಿಸಿ, ಚೀಟಿ ಅಂಟಿಸಿ, ಸಂಜೆ ಆಕೆ ಬಂದಾಗ ಅಡಿಗೆಯ ಹೊರೆಯನ್ನು ಹಂಚಿಕೊಳ್ಳುವುದು ಪತಿಯ ಕರ್ತವ್ಯ. ನಂಬಿಕೆಯಿಂದ ಒಳಲೆಯನ್ನು ಹಿಡಿಯುವುದು ಅಜ್ಜಿಯ ಕರ್ತವ್ಯ. ಒಂದು ದಿನ ಹಾಲು ಕಡಿಮೆಯಾದರೆ, ಒಂದು ವಾರ ಕ್ರಮ ತಪ್ಪಿದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲಬೇಕಾಗಿಲ್ಲ. ಅಂದು ರಾತ್ರಿಯೇ ಮಗುವನ್ನು ಮತ್ತೆ ಎದೆಗೆ ಹಾಕಿಕೊಳ್ಳಬಹುದು. ಮರುದಿನ ಮತ್ತೆ ಬಟ್ಟಲನ್ನು ತೊಳೆದು ಇಡಬಹುದು.