ರಕ್ತದ ಕ್ಯಾನ್ಸರ್: ಮಳವಳ್ಳಿಯಿಂದ ಬೆಂಗಳೂರಿನ ದಾರಿ



ರಕ್ತದ ಕ್ಯಾನ್ಸರ್ ಒಂದು ಶಸ್ತ್ರಚಿಕಿತ್ಸೆಯಿಂದ ಮುಗಿಯುವ ಕಾಯಿಲೆಯಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಗೆ ಎರಡು ಮೂರು ವರ್ಷಗಳ ಔಷಧೋಪಚಾರ ಬೇಕು. ದೊಡ್ಡವರಿಗೆ ಬರುವ ಇನ್ನೊಂದು ಬಗೆಯಲ್ಲಿ ಇಮಾಟಿನಿಬ್ ಮಾತ್ರೆಯನ್ನು ದಿನವೂ, ವರ್ಷಗಟ್ಟಲೆ ನುಂಗಬೇಕು. ಆ ಮಾತ್ರೆಗೆ ನೊವಾರ್ಟಿಸ್ ಕಂಪನಿ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿತು. ಭಾರತದಲ್ಲಿ ತಯಾರಾಗುವ ಅಗ್ಗದ ಮಾತ್ರೆ ಉಳಿಯಿತು. ಆ ಮೊಕದ್ದಮೆಯಲ್ಲಿ ರೋಗಿಗಳ ಪರವಾದ ಸಂಸ್ಥೆಯೂ ಕಂಪನಿಯ ಎದುರು ನಿಂತಿತ್ತೆಂಬುದನ್ನು ಮರೆಯಬಾರದು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚ ಭರಿಸುತ್ತದೆ. ನಗರದ ಕೊಠಡಿ ಬಾಡಿಗೆ, ಜೊತೆಗೆ ಹೋದವರು ಕಳೆದುಕೊಂಡ ಕೂಲಿ ಆ ಲೆಕ್ಕದ ಹೊರಗೆ. ರೈಲ್ವೆ ಇಲಾಖೆ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಕೊಡುತ್ತದೆ, ನಿಜ. ಮಂಡ್ಯ, ಮದ್ದೂರಿಗೆ ರೈಲುಂಟು, ಮಳವಳ್ಳಿಗಿಲ್ಲ. 2023ರ ಶಕ್ತಿ ಯೋಜನೆಯಿಂದ ತಾಯಿಗೆ ಬಸ್ಸು ಉಚಿತವಾಯಿತು. ಕಾಯಿಲೆ ಬಿದ್ದ, ವಯಸ್ಸಿಗೆ ಬಂದ ಮಗನಿಗೆ ಆ ಯೋಜನೆ ಅನ್ವಯಿಸದು.

ಹಣಕ್ಕಿಂತ ಕಠಿಣವಾದದ್ದು ಕಾಲ. ಔಷಧದಿಂದ ಬಿಳಿ ರಕ್ತಕಣಗಳು ಕುಸಿದಿರುವಾಗ ಜ್ವರ ಬಂದರೆ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಕೊಡಬೇಕು. ನೂರು ಕಿಲೋಮೀಟರ್ ದೂರದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ರಾತ್ರಿ ಹೊರಟವನಿಗೆ ಆ ಗಂಟೆ ದಾರಿಯಲ್ಲೇ ಕಳೆದುಹೋಗುತ್ತದೆ. ಈ ಔಷಧ ಅಪರೂಪದ್ದೇನಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಅದರ ದಾಸ್ತಾನು, ರೋಗಿಯ ಕೈಯಲ್ಲಿ ಕಿದ್ವಾಯಿ ವೈದ್ಯರ ಒಂದು ಚೀಟಿ, ಕರ್ತವ್ಯದಲ್ಲಿರುವ ವೈದ್ಯರಿಗೆ ತರಬೇತಿ ಇದ್ದರೆ ಸಾಕು. ಪ್ಲೇಟ್‌ಲೆಟ್ ಮಾತು ಬೇರೆ: ಅದು ಐದು ದಿನವಷ್ಟೇ ಉಳಿಯುತ್ತದೆ. ಮಂಡ್ಯದಲ್ಲೇ ಅದನ್ನು ಬೇರ್ಪಡಿಸಿ ಒದಗಿಸಲು ದಾನಿಗಳೂ ತಂತ್ರಜ್ಞರೂ ಸದಾ ಸಿದ್ಧರಿರಬೇಕು.

ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಕ್ಯಾನ್ಸರ್ ಕೇಂದ್ರ ಮಂಜೂರಾಗಿದೆ. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಮೂರು ವರ್ಷಗಳೊಳಗೆ ಹಗಲು ಆರೈಕೆ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿತು. ಗಡ್ಡೆಯ ಕ್ಯಾನ್ಸರಿಗಷ್ಟೇ ಅವು ಮೀಸಲಾಗದಂತೆ ಈಗಲೇ ಕೇಳಬೇಕು.

ಗದ್ದೆಗೆ ಸಿಂಪಡಿಸಿದ ವಿಷದ ಪ್ರಶ್ನೆಯೂ ಏಳುತ್ತದೆ. ಲಿಂಡೇನ್ ಎಂಬ ಕೀಟನಾಶಕ ದುಗ್ಧಗ್ರಂಥಿಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾರಿತು. ಹಾಗೆಂದು ಮಂಡ್ಯದ ಪ್ರತಿ ರೋಗಿಯ ಹೊಣೆಯನ್ನು ಕೀಟನಾಶಕದ ಮೇಲೆ ಹೊರಿಸುವುದು ಅವಸರದ ಮಾತು. ಊರು, ವೃತ್ತಿ ಸಹಿತ ರೋಗಿಗಳ ದಾಖಲೆ ಜಿಲ್ಲೆಯಲ್ಲಿ ಆರಂಭವಾಗಲಿ. ದಕ್ಷಿಣ ಕನ್ನಡದ ಎಂಡೋಸಲ್ಫಾನ್ ಪೀಡಿತರಿಗೆ ಮಾಸಾಶನ ದೊರೆತದ್ದು ಜನರ ಹೋರಾಟದಿಂದ. ಅದೇ ಬಗೆಯ ಮಾಸಾಶನ ಚಿಕಿತ್ಸೆಯ ಅವಧಿಗಾದರೂ ರಕ್ತದ ಕ್ಯಾನ್ಸರ್ ಪೀಡಿತರಿಗೂ ಸಲ್ಲಬೇಕು. ಮನವಿಯ ಮೊದಲ ಸಾಲು ಮಾತ್ರ ಮಳವಳ್ಳಿ, ಮದ್ದೂರು ಆಸ್ಪತ್ರೆಗಳ ಜ್ವರದ ಔಷಧದ್ದಾಗಿರಲಿ.